ಕೊಲಾಟ್ಸ್ ಪ್ರಶಸ್ತಿ: ಲೆಕ್ಕಾಚಾರದ ಮೇಲಿನ ಭರವಸೆಗೆ ಆಧಾರ ಹುಡುಕಿದವರು

ಅನ್ವಯಿಕ ಗಣಿತದಲ್ಲಿ ಅಸಾಧಾರಣ ಕೆಲಸ ಮಾಡಿರುವ, ನಲವತ್ತೆರಡು ವರ್ಷ ಮೀರದ ಒಬ್ಬ ವಿಜ್ಞಾನಿಗೆ ನಾಲ್ಕು ವರ್ಷಗಳಿಗೊಮ್ಮೆ ಸಲ್ಲುವ ಕೊಲಾಟ್ಸ್ ಪ್ರಶಸ್ತಿಯ ಹೆಸರು ಫೀಲ್ಡ್ಸ್ ಪದಕದಂತೆ ಜನರ ಬಾಯಲ್ಲಿ ಓಡಾಡುವುದಿಲ್ಲ. ಆದರೆ ಸೇತುವೆ, ವಿಮಾನ, ಹವಾಮಾನ ಮುನ್ಸೂಚನೆ, ಆಸ್ಪತ್ರೆಯ ಸ್ಕ್ಯಾನಿಂಗ್ ಯಂತ್ರ ಇವೆಲ್ಲದರ ಹಿಂದೆ ನಡೆಯುವ ಲೆಕ್ಕಾಚಾರವನ್ನು ಎಷ್ಟರ ಮಟ್ಟಿಗೆ ನಂಬಬಹುದು ಎಂದು ಕೇಳುವವರು ಆ ಪ್ರಶಸ್ತಿಯ ಚರಿತ್ರೆಯನ್ನು ಒಮ್ಮೆ ನೋಡಲೇಬೇಕು. ಅದನ್ನು ನೀಡುವ ಸಂಸ್ಥೆ ಔದ್ಯಮಿಕ ಮತ್ತು ಅನ್ವಯಿಕ ಗಣಿತದ ಅಂತರರಾಷ್ಟ್ರೀಯ ಮಂಡಳಿ. ಜರ್ಮನಿ, ಬ್ರಿಟನ್, ಅಮೆರಿಕ, ಫ್ರಾನ್ಸ್ ದೇಶಗಳ ನಾಲ್ಕು ಅನ್ವಯಿಕ ಗಣಿತ ಸಂಘಗಳು ಕೈಜೋಡಿಸಿ 1987ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ವಿಶ್ವ ಸಮ್ಮೇಳನವನ್ನು ನಡೆಸಿದವು. ಎರಡನೆಯದು 1991ರಲ್ಲಿ ವಾಷಿಂಗ್ಟನ್‌ನಲ್ಲಿ, ಮೂರನೆಯದು 1995ರಲ್ಲಿ ಹ್ಯಾಂಬರ್ಗ್‌ನಲ್ಲಿ ಸೇರಿತು. 1999ರ ಎಡಿನ್‌ಬರೋ ಸಮ್ಮೇಳನದಿಂದ ಪ್ರಶಸ್ತಿ ಪ್ರದಾನ ಆರಂಭವಾಯಿತು. ಲಗ್ರಾಂಜ್, ಮ್ಯಾಕ್ಸ್‌ವೆಲ್ ಮೊದಲಾದವರ ಹೆಸರಿನಲ್ಲಿರುವ, ಅದೇ ಮಂಡಳಿಯ ಇತರ ಪ್ರಶಸ್ತಿಗಳಿಗೆ ವಯಸ್ಸಿನ ಕಟ್ಟಳೆಯಿಲ್ಲ. ಎಳೆಯರಿಗೆಂದೇ ಮೀಸಲಾದದ್ದು ಜರ್ಮನ್ ಸಂಘದ ಮುತುವರ್ಜಿಯಿಂದ ಹುಟ್ಟಿದ ಕೊಲಾಟ್ಸ್ ಪ್ರಶಸ್ತಿ ಮಾತ್ರ.

ನಲವತ್ತೆರಡನ್ನು ಎಳೆಯ ವಯಸ್ಸೆಂದು ಕರೆಯುವುದು ಗಣಿತದ ಹೊರಗಿನವರಿಗೆ ವಿಚಿತ್ರವಾಗಿ ತೋರಬಹುದು. ಫೀಲ್ಡ್ಸ್ ಪದಕಕ್ಕೆ ನಲವತ್ತರ ಮಿತಿಯಿದೆ. ಸಂಖ್ಯಾತ್ಮಕ ವಿಶ್ಲೇಷಣೆಗೆ, ಎಂದರೆ ಸಮೀಕರಣಗಳನ್ನು ಅಂಕಿಗಳ ಮೂಲಕ ಬಿಡಿಸುವ ವಿಧಾನಗಳ ಶಾಸ್ತ್ರಕ್ಕೆ ಮೀಸಲಾಗಿ ಬ್ರಿಟನ್ನಿನಲ್ಲಿ 1985ರಿಂದ ನಡೆದುಬಂದಿರುವ ಲೆಸ್ಲಿ ಫಾಕ್ಸ್ ಪ್ರಶಸ್ತಿಗಾದರೋ ಮೂವತ್ತೊಂದರೊಳಗಿನವರೇ ಅರ್ಹರು. ಅನ್ವಯಿಕ ಗಣಿತದಲ್ಲಿ ಒಂದು ಕೃತಿ ಪ್ರಮೇಯದ ಸಾಧನೆಗೆ ಮುಗಿಯುವುದಿಲ್ಲ. ಪ್ರಮೇಯದಿಂದ ಒಂದು ಗಣನವಿಧಾನ ಹುಟ್ಟಬೇಕು, ಆ ವಿಧಾನ ಗಣಕಯಂತ್ರದ ಮೇಲೆ ಓಡಬೇಕು, ಓಡಿದ ಫಲಿತಾಂಶವನ್ನು ಭೌತವಿಜ್ಞಾನಿಯೋ ಎಂಜಿನಿಯರೋ ತನ್ನ ಅಳತೆಗಳ ಜೊತೆಗೆ ಹೋಲಿಸಿ ನೋಡಬೇಕು, ಹೋಲಿಕೆ ತಪ್ಪಿದಲ್ಲಿ ಮತ್ತೆ ಪ್ರಮೇಯದ ಬಳಿಗೇ ಮರಳಬೇಕು. ಈ ಸುತ್ತು ಒಂದೆರಡು ಸಲವಾದರೂ ಪೂರ್ಣಗೊಳ್ಳಲು ಪಿಎಚ್.ಡಿ. ಮುಗಿದ ಮೇಲೆ ಹತ್ತು ಹದಿನೈದು ವರ್ಷಗಳು ಬೇಕಾಗುತ್ತವೆ ಎಂಬುದನ್ನು ಪುರಸ್ಕೃತರ ಬದುಕುಗಳೇ ಹೇಳುತ್ತವೆ. ಆದುದರಿಂದ ನಲವತ್ತೆರಡರ ಗೆರೆಯನ್ನು ಎಳೆದವರು ತಮ್ಮ ಶಾಸ್ತ್ರದ ಸ್ವಭಾವವನ್ನು ಚೆನ್ನಾಗಿ ಬಲ್ಲವರಾಗಿದ್ದರು ಎನ್ನಬೇಕು.

ಪ್ರಶಸ್ತಿಗೆ ಹೆಸರು ಕೊಟ್ಟ ಲೋಥರ್ ಕೊಲಾಟ್ಸ್ 1910ರಲ್ಲಿ ಜರ್ಮನಿಯ ವೆಸ್ಟ್‌ಫಾಲಿಯಾ ಪ್ರಾಂತದ ಆರ್ನ್ಸ್‌ಬರ್ಗ್‌ನಲ್ಲಿ ಹುಟ್ಟಿದರು, 1935ರಲ್ಲಿ ಬರ್ಲಿನ್‌ನಲ್ಲಿ ಡಾಕ್ಟರೇಟ್ ಪಡೆದರು, ಹ್ಯಾನೋವರ್‌ನ ತಾಂತ್ರಿಕ ವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿದ್ದು 1952ರಲ್ಲಿ ಹ್ಯಾಂಬರ್ಗ್ ವಿಶ್ವವಿದ್ಯಾಲಯಕ್ಕೆ ಬಂದು ಅಲ್ಲಿ ಅನ್ವಯಿಕ ಗಣಿತದ ಸಂಸ್ಥೆಯೊಂದನ್ನು ಕಟ್ಟಿ ಬೆಳೆಸಿದರು. 1990ರಲ್ಲಿ ಬಲ್ಗೇರಿಯದ ವರ್ನಾದಲ್ಲಿ, ಗಣಿತ ಸಮ್ಮೇಳನವೊಂದಕ್ಕೆ ಹೋಗಿದ್ದಾಗಲೇ, ತೀರಿಕೊಂಡರು. ಸಾಮಾನ್ಯ ಓದುಗರಲ್ಲಿ ಅವರ ಹೆಸರು ಉಳಿದಿರುವುದು ಇನ್ನೊಂದು ಕಾರಣಕ್ಕೆ. ಒಂದು ಧನ ಪೂರ್ಣಸಂಖ್ಯೆ ಸಮವಾಗಿದ್ದರೆ ಅದನ್ನು ಅರ್ಧಿಸಿ, ಬೆಸವಾಗಿದ್ದರೆ ಮೂರರಿಂದ ಗುಣಿಸಿ ಒಂದನ್ನು ಕೂಡಿಸಿ, ಇದನ್ನೇ ಮತ್ತೆ ಮತ್ತೆ ಮಾಡುತ್ತ ಹೋದರೆ ಯಾವ ಸಂಖ್ಯೆಯಿಂದ ಹೊರಟರೂ ಕೊನೆಗೆ ಒಂದಕ್ಕೇ ಬಂದು ನಿಲ್ಲುತ್ತದೆಯೇ ಎಂಬ ಪ್ರಶ್ನೆ ಅವರದು. 27ರಿಂದ ಹೊರಟರೆ 9232ರಷ್ಟು ಮೇಲೇರಿ 111 ಹೆಜ್ಜೆಗಳ ಬಳಿಕ ಒಂದನ್ನು ಮುಟ್ಟುತ್ತದೆ, ಆದರೆ ಎಲ್ಲ ಸಂಖ್ಯೆಗಳಿಗೂ ಹೀಗಾಗುತ್ತದೆಂದು ಯಾರೂ ಸಾಧಿಸಿಲ್ಲ. ಈ ಒಗಟಿನ ಆಕರ್ಷಣೆಯಲ್ಲಿ ಕೊಲಾಟ್ಸರ ನಿಜವಾದ ಜೀವನಕಾರ್ಯ ಮರೆಯಾಗಿಹೋಗಿರುವುದು ದುಃಖದ ಸಂಗತಿ.

ಆ ಜೀವನಕಾರ್ಯವನ್ನು ಒಂದೇ ಮಾತಿನಲ್ಲಿ ಹೇಳುವುದಾದರೆ ದೋಷದ ಅಂದಾಜು. ನಿಜವಾದ ಉತ್ತರ ಗೊತ್ತಿಲ್ಲದಿರುವಾಗಲೂ, ಕೈಯಲ್ಲಿರುವ ಸ್ಥೂಲ ಉತ್ತರ ನಿಜದಿಂದ ಇಂತಿಷ್ಟಕ್ಕಿಂತ ಹೆಚ್ಚು ದೂರವಿಲ್ಲ ಎಂದು ಖಚಿತವಾಗಿ ಹೇಳುವ ವಿದ್ಯೆ ಅದು. 1942ರಲ್ಲಿ ಅವರು ಪ್ರಕಟಿಸಿದ ಪ್ರಮೇಯವೊಂದು ಈ ವಿದ್ಯೆಯ ಸೊಗಸಾದ ಮಾದರಿ. ಅಂಕಿಗಳನ್ನು ಅಡ್ಡಸಾಲು ಕಂಬಸಾಲುಗಳಲ್ಲಿ ಜೋಡಿಸಿದ ಚೌಕಕ್ಕೆ ಮಾತೃಕೆ ಎಂದು ಹೆಸರು. ಅಂಥ ಮಾತೃಕೆಯೊಂದು ಯಾವುದಾದರೂ ಅಂಕಿಗಳ ಸಾಲನ್ನು ಗುಣಿಸಿದಾಗ ಆ ಸಾಲಿನ ಪ್ರತಿಯೊಂದು ಅಂಕಿಯೂ ಒಂದೇ ಪಟ್ಟಿನಲ್ಲಿ ಬದಲಾದರೆ ಆ ಪಟ್ಟನ್ನು ಐಗನ್ ಮೌಲ್ಯ ಎನ್ನುತ್ತಾರೆ, ಮತ್ತು ಸೇತುವೆಯೊಂದು ಯಾವ ವೇಗದಲ್ಲಿ ಕಂಪಿಸುತ್ತದೆ ಎಂಬಂತಹ ಪ್ರಶ್ನೆಗಳೆಲ್ಲ ಕೊನೆಗೆ ಈ ಮೌಲ್ಯದ ಹುಡುಕಾಟಕ್ಕೆ ಬಂದು ನಿಲ್ಲುತ್ತವೆ. ಮೊದಲ ಸಾಲಿನಲ್ಲಿ 2 ಮತ್ತು 1, ಎರಡನೆಯದರಲ್ಲಿ 1 ಮತ್ತು 3 ಇರುವ ಪುಟ್ಟ ಮಾತೃಕೆಯನ್ನು ತೆಗೆದುಕೊಳ್ಳಬಹುದು. 1, 1 ಎಂಬ ಜೋಡಿಯನ್ನು ಅದು 3, 4 ಆಗಿ ಮಾರ್ಪಡಿಸುತ್ತದೆ. ಹೊಸದನ್ನು ಹಳೆಯದರಿಂದ ಭಾಗಿಸಿದರೆ 3 ಮತ್ತು 4 ಸಿಗುತ್ತವೆ. ದೊಡ್ಡ ಐಗನ್ ಮೌಲ್ಯ ಈ ಎರಡರ ನಡುವೆಯೇ ಇದೆ, ಹೊರಗೆಲ್ಲೂ ಇರಲಾರದು ಎಂಬುದು ಕೊಲಾಟ್ಸರ ಪ್ರಮೇಯ. 3, 4 ಎಂಬ ಜೋಡಿಯನ್ನೇ ಮತ್ತೆ ಗುಣಿಸಿದರೆ 10, 15 ಬರುತ್ತದೆ, ಬೇಲಿ 3.33 ಮತ್ತು 3.75ಕ್ಕೆ ಕಿರಿದಾಗುತ್ತದೆ, ಇನ್ನೊಂದು ಹೆಜ್ಜೆಗೆ 3.5 ಮತ್ತು 3.67. ನಿಜವಾದ ಮೌಲ್ಯ ಸುಮಾರು 3.618. ಧನ ಅಂಕಿಗಳಿಂದಾದ ಯಾವ ಮಾತೃಕೆಗಾದರೂ, ಅದು ಎಷ್ಟೇ ದೊಡ್ಡದಿರಲಿ, ಈ ಬೇಲಿ ಸುಳ್ಳಾಗುವುದಿಲ್ಲ, ಮತ್ತು ಲೆಕ್ಕವನ್ನು ಯಾವ ಹಂತದಲ್ಲಿ ನಿಲ್ಲಿಸಿದರೂ ಇಲ್ಲಿಯವರೆಗೆ ಎಷ್ಟು ತಿಳಿದಂತಾಯಿತು ಎಂಬುದು ಪ್ರಾಮಾಣಿಕವಾಗಿ ಕೈಗೆ ಸಿಗುತ್ತದೆ. ಅವಕಲ ಸಮೀಕರಣಗಳ ಸಂಖ್ಯಾತ್ಮಕ ಪರಿಹಾರದ ಬಗೆಗೆ ಕೊಲಾಟ್ಸರು 1951ರಲ್ಲಿ ಹೊರತಂದ ದೊಡ್ಡ ಗ್ರಂಥದಲ್ಲಿಯೂ ಇದೇ ನಿಷ್ಠೆ ಕಾಣುತ್ತದೆ.

ಈ ನಿಷ್ಠೆ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಕೊಲಾಟ್ಸರು ತೀರಿಕೊಂಡ ಮರುವರ್ಷವೇ ನಾರ್ವೆಯಲ್ಲೊಂದು ನಿದರ್ಶನ ದೊರಕಿತು. 1991ರ ಆಗಸ್ಟ್ 23ರಂದು ಸ್ಟಾವಂಗರ್ ಸಮೀಪದ ಕಡಲಚಾಚಿನಲ್ಲಿ, ತೈಲ ಮತ್ತು ಅನಿಲ ಹೊರತೆಗೆಯುವ ಸ್ಲೈಪ್ನರ್ ವೇದಿಕೆಯ ಕಾಂಕ್ರೀಟ್ ತಳಹದಿಯನ್ನು ಮೆಲ್ಲಗೆ ನೀರಿಗೆ ಇಳಿಸುತ್ತಿದ್ದಾಗ ಅದರ ಒಂದು ಕೋಶದ ಗೋಡೆ ಬಿರುಕುಬಿಟ್ಟು ಇಡೀ ರಚನೆ ಮುಳುಗಿಹೋಯಿತು. ಅದರ ವಿನ್ಯಾಸವನ್ನು ಫೈನೈಟ್ ಎಲಿಮೆಂಟ್ ವಿಧಾನದಿಂದ, ಎಂದರೆ ರಚನೆಯನ್ನು ಸಣ್ಣ ಸಣ್ಣ ತುಂಡುಗಳಾಗಿ ವಿಭಾಗಿಸಿಕೊಂಡು ಒಂದೊಂದು ತುಂಡಿನಲ್ಲಿಯೂ ಸರಳ ಸೂತ್ರ ಬಳಸಿ ಒತ್ತಡಗಳನ್ನು ಎಣಿಸುವ ವಿಧಾನದಿಂದ, ಪರಿಶೀಲಿಸಲಾಗಿತ್ತು. ಆದರೆ ನಿರ್ಣಾಯಕವಾದ ಮೂಲೆಯಲ್ಲಿ ತುಂಡುಗಳು ಬೇಕಾದಷ್ಟು ಸಣ್ಣದಾಗಿರಲಿಲ್ಲವಾದ್ದರಿಂದ ಗೋಡೆಯ ಮೇಲಣ ಕತ್ತರಿ ಬಲ ಶೇಕಡ 47ರಷ್ಟು ಕಡಿಮೆಯೆಂದು ಲೆಕ್ಕಕ್ಕೆ ಬಂದಿತ್ತು. ಅಪಘಾತದ ನಂತರ ಎಚ್ಚರದಿಂದ ಮಾಡಿದ ಲೆಕ್ಕದ ಪ್ರಕಾರ ಗೋಡೆ 62 ಮೀಟರ್ ಆಳದಲ್ಲಿ ಒಡೆಯಬೇಕಾಗಿತ್ತು. ಅದು ಒಡೆದದ್ದು 65 ಮೀಟರ್ ಆಳದಲ್ಲಿ. ಸಮೀಕರಣ ಸರಿಯಾಗಿತ್ತು, ಯಂತ್ರವೂ ಕೆಟ್ಟಿರಲಿಲ್ಲ. ಪರದೆಯ ಮೇಲೆ ಬಂದ ಅಂಕಿ ನಿಜದಿಂದ ಎಷ್ಟು ದೂರದಲ್ಲಿದೆ ಎಂದು ಯಾರೂ ಅಳೆದು ನೋಡಿರಲಿಲ್ಲ, ಅಷ್ಟೇ.

ಇನ್ನು ಪ್ರಶಸ್ತಿಯ ವಿಷಯಕ್ಕೆ ಬಂದರೆ, ಅದರ ಮೊದಲ ಪುರಸ್ಕೃತರಾದ ಸ್ಟೆಫಾನ್ ಮ್ಯೂಲರ್ ಆಗ ಲೈಪ್‌ಜಿಗ್‌ನಲ್ಲಿದ್ದ ಜರ್ಮನ್ ಗಣಿತಜ್ಞರು. ನಿಕೆಲ್ ಮತ್ತು ಟೈಟಾನಿಯಂ ಬೆರೆತ ಕೆಲವು ಲೋಹಗಳನ್ನು ಬಗ್ಗಿಸಿ ಮತ್ತೆ ಬಿಸಿ ಮಾಡಿದರೆ ಅವು ಮೊದಲಿನ ಆಕಾರಕ್ಕೆ ಮರಳುತ್ತವೆ; ಇಂತಹ ಲೋಹ ತಣಿದಾಗ ಅದರ ಹರಳು ಹಲವು ದಿಕ್ಕುಗಳಲ್ಲಿ ಓರೆಯಾಗಬಹುದು, ಮತ್ತು ಒಟ್ಟು ಶಕ್ತಿಯನ್ನು ಆದಷ್ಟೂ ತಗ್ಗಿಸಿಕೊಳ್ಳಲು ಅದು ಎರಡು ಮೂರು ಓರೆಗಳ ಅತಿ ತೆಳುವಾದ ಪದರಗಳನ್ನು ಒಂದರ ಪಕ್ಕ ಒಂದು ಹೆಣೆದುಕೊಳ್ಳುತ್ತದೆ. ಗಣಿತದ ದೃಷ್ಟಿಯಿಂದ ಇಲ್ಲೊಂದು ತೊಡಕಿದೆ: ಪದರ ತೆಳುವಾದಷ್ಟೂ ಶಕ್ತಿ ತಗ್ಗುತ್ತಲೇ ಹೋಗುವುದರಿಂದ ಕನಿಷ್ಠ ಶಕ್ತಿಯ ಆಕಾರವೆಂಬುದು ಎಂದೂ ಕೈಗೆಟುಕುವುದಿಲ್ಲ. ಹೀಗೆ ಕನಿಷ್ಠವೇ ಇಲ್ಲದ ಕನಿಷ್ಠೀಕರಣ ಸಮಸ್ಯೆಗಳಿಗೆ ಅರ್ಥ ಕೊಟ್ಟವರಲ್ಲಿ ಮ್ಯೂಲರ್ ಪ್ರಮುಖರು. 2003ರಲ್ಲಿ ಸಿಡ್ನಿಯಲ್ಲಿ ಪುರಸ್ಕೃತರಾದ, ಪ್ರಿನ್ಸ್‌ಟನ್‌ನ ವೈನಾನ್ ಇ ಅವರು ಪರಮಾಣುವಿನ ಅಳತೆಗೂ ಕಟ್ಟಡದ ತೊಲೆಯ ಅಳತೆಗೂ ಒಟ್ಟಿಗೇ ಲೆಕ್ಕ ಹಾಕಬೇಕಾದಾಗ ಎರಡರ ನಡುವೆ ಮಾಹಿತಿಯನ್ನು ಹೇಗೆ ಸಾಗಿಸಬೇಕೆಂದು ತೋರಿಸಿದವರು. 2007ರಲ್ಲಿ ಜ್ಯೂರಿಕ್‌ನಲ್ಲಿ ಪ್ರಶಸ್ತಿ ಪಡೆದ ಬಾನ್‌ನ ಫೆಲಿಕ್ಸ್ ಓಟೊ ಅವರದು ಹೆಚ್ಚು ಆಳವಾದ ಒಳನೋಟ: ಮಣ್ಣಿನ ಗುಡ್ಡೆಯೊಂದನ್ನು ಅತಿ ಕಡಿಮೆ ಶ್ರಮದಲ್ಲಿ ಇನ್ನೊಂದೆಡೆಗೆ ಸಾಗಿಸುವುದು ಹೇಗೆ ಎಂದು ಗಾಸ್ಪಾರ್ ಮೊಂಜ್ 1781ರಲ್ಲಿ ಕೇಳಿದ್ದ ಪ್ರಶ್ನೆಯಿಂದ ಹೊರಡುವ ಅಳತೆಯನ್ನು ಬಳಸಿದರೆ, ಶಾಖವೋ ಬಣ್ಣವೋ ಮಾಧ್ಯಮವೊಂದರಲ್ಲಿ ಹರಡುವ ಪ್ರಕ್ರಿಯೆಯು ಎಂಟ್ರೊಪಿಯನ್ನು, ಎಂದರೆ ಅಸ್ತವ್ಯಸ್ತತೆಯ ಅಳತೆಯನ್ನು, ಹೆಚ್ಚಿಸುವ ಅತ್ಯಂತ ಕಡಿದಾದ ದಾರಿಯಲ್ಲಿಯೇ ನಡೆಯುತ್ತದೆ ಎಂಬುದನ್ನು ಅವರು ಜೋರ್ಡನ್ ಮತ್ತು ಕಿಂಡರ್‌ಲೆರರ್ ಜೊತೆಗೂಡಿ 1998ರಲ್ಲಿ ಸಾಧಿಸಿದರು.

2011ರಲ್ಲಿ ವ್ಯಾಂಕೂವರ್‌ನಲ್ಲಿ ಪ್ರಶಸ್ತಿ ಸ್ವೀಕರಿಸಿದ ಸ್ಟ್ಯಾನ್‌ಫರ್ಡ್‌ನ ಎಮಾನ್ಯುಯೆಲ್ ಕಾಂಡೆಸ್ ಅವರ ಕೆಲಸ ಜನಸಾಮಾನ್ಯರ ಮೈಗೇ ತಗಲುವಂಥದು. ಎಂಆರ್‌ಐ ಯಂತ್ರ ಚಿತ್ರವನ್ನು ನೇರವಾಗಿ ತೆಗೆಯುವುದಿಲ್ಲ. ದೇಹದಿಂದ ಒಂದೊಂದಾಗಿ ಅಳತೆಗಳನ್ನು ಸಂಗ್ರಹಿಸಿ ಅವುಗಳಿಂದ ಚಿತ್ರವನ್ನು ಲೆಕ್ಕ ಹಾಕುತ್ತದೆ, ಆದುದರಿಂದಲೇ ರೋಗಿ ಅಲುಗಾಡದೆ ಬಹಳ ಹೊತ್ತು ಮಲಗಿರಬೇಕಾಗುತ್ತದೆ. ಚಿತ್ರದಲ್ಲಿ ಬಿಂದುಗಳೆಷ್ಟೋ ಅಳತೆಗಳೂ ಅಷ್ಟೇ ಬೇಕೆಂಬುದು ಬೀಜಗಣಿತದ ಹಳೆಯ ಪಾಠ. ಆದರೆ ಚಿತ್ರವನ್ನು ತಕ್ಕ ರೀತಿಯಲ್ಲಿ ಬರೆದಾಗ ಅದರ ಹೆಚ್ಚಿನ ಅಂಕಿಗಳು ಸೊನ್ನೆಯಾಗಿರುವುದಾದರೆ, ಯಾದೃಚ್ಛಿಕವಾಗಿ ಆರಿಸಿದ ಕೆಲವೇ ಅಳತೆಗಳು ಸಾಕು. ಆ ಅಳತೆಗಳಿಗೆ ಹೊಂದುವ ಚಿತ್ರಗಳಲ್ಲಿ ಅಂಕಿಗಳ ನಿರಪೇಕ್ಷ ಮೌಲ್ಯಗಳ ಮೊತ್ತ ಯಾವುದಕ್ಕೆ ಕನಿಷ್ಠವೋ ಅದನ್ನು ಆರಿಸಿದರೆ ಮೂಲ ಚಿತ್ರವೇ ಮರಳಿ ಸಿಗುತ್ತದೆ ಎಂದು ಕಾಂಡೆಸ್, ಜಸ್ಟಿನ್ ರಾಂಬರ್ಗ್ ಮತ್ತು ಟೆರೆನ್ಸ್ ಟಾವ್ 2006ರಲ್ಲಿ ಸಾಧಿಸಿದರು. ಡೇವಿಡ್ ಡೊನೊಹೊ ಸಹ ಸ್ವತಂತ್ರವಾಗಿ ಇದೇ ದಿಕ್ಕಿನಲ್ಲಿ ನಡೆದಿದ್ದರು. ಸ್ಥೂಲವಾಗಿ ಸಿಗುತ್ತದೆ ಎಂದಲ್ಲ, ನಿಖರವಾಗಿ ಸಿಗುತ್ತದೆ ಎಂಬುದು ಇಲ್ಲಿಯ ಗಟ್ಟಿತನ. ಸಣ್ಣ ಮಕ್ಕಳನ್ನೂ ಉಸಿರು ಬಿಗಿಹಿಡಿಯಲಾರದ ರೋಗಿಗಳನ್ನೂ ಕಡಿಮೆ ಹೊತ್ತಿನಲ್ಲಿ ಪರೀಕ್ಷಿಸಲು ಈ ತತ್ತ್ವ ಮುಂದೆ ಯಂತ್ರಗಳೊಳಕ್ಕೆ ಬಂತು. 2015ರ ಬೀಜಿಂಗ್ ಸಮ್ಮೇಳನದಲ್ಲಿ ಈ ಗೌರವಕ್ಕೆ ಪಾತ್ರರಾದ ಮೊದಲ ಮಹಿಳೆ, ಇಟಲಿಯ ಪಾವಿಯಾದ ಅನ್ನಲೀಸಾ ಬುಫಾ, ವಿದ್ಯುತ್ಕಾಂತೀಯ ಸಮೀಕರಣಗಳ ಲೆಕ್ಕದಲ್ಲಿ ಸುಳ್ಳು ಪರಿಹಾರಗಳು ನುಸುಳದಂತೆ ತಡೆಯುವ ವಿಧಾನಗಳನ್ನು ರೂಪಿಸಿದವರು. ವಿನ್ಯಾಸಕಾರರು ಯಂತ್ರಭಾಗದ ಆಕಾರ ಬರೆಯಲು ಬಳಸುವ ವಕ್ರರೇಖೆಗಳನ್ನೇ ಬಲಗಳ ಲೆಕ್ಕಕ್ಕೂ ಬಳಸುವ ಹೊಸ ಪದ್ಧತಿಗೆ ಗಣಿತದ ಬುನಾದಿ ಹಾಕಿದವರಲ್ಲಿಯೂ ಅವರ ಹೆಸರಿದೆ.

2019ರಲ್ಲಿ ಸ್ಪೇನಿನ ವಲೆನ್ಸಿಯಾದಲ್ಲಿ ನಡೆದ ಸಮ್ಮೇಳನದಲ್ಲಿ ಪ್ರಶಸ್ತಿ ಪಡೆದ ಸಿದ್ಧಾರ್ಥ ಮಿಶ್ರ ಅವರ ವಿಷಯದಲ್ಲಿ ಸ್ವಲ್ಪ ನಿಧಾನಿಸುವುದು ಅಗತ್ಯ. ಅವರ ಕೆಲಸದ ತೂಕ ಅದಕ್ಕೆ ಮೊದಲ ಕಾರಣ, ಅದರ ಬೇರು ಬೆಂಗಳೂರಿನಲ್ಲಿರುವುದು ಎರಡನೆಯದು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಗಣಿತಜ್ಞ ಕೆ. ಜಿ. ರಾಮನಾಥನ್ ಅವರ ದೂರದೃಷ್ಟಿಯಿಂದ ಮತ್ತು ಫ್ರೆಂಚ್ ಗಣಿತಜ್ಞ ಜಾಕ್ ಲೂಯಿ ಲಿಯಾನ್ಸ್ ಅವರ ನೆರವಿನಿಂದ 1970ರ ದಶಕದ ನಡುವಿನಲ್ಲಿ ಆ ಸಂಸ್ಥೆ ಮತ್ತು ಭಾರತೀಯ ವಿಜ್ಞಾನ ಸಂಸ್ಥೆ ಸೇರಿ ಬೆಂಗಳೂರಿನಲ್ಲಿ ಗಣಿತದ ಅನ್ವಯಗಳಿಗಾಗಿ ಜಂಟಿ ಕಾರ್ಯಕ್ರಮವೊಂದನ್ನು ಆರಂಭಿಸಿದವು. ಫ್ರಾನ್ಸ್‌ನ ವಿದ್ವಾಂಸರು ಬಂದು ಉಪನ್ಯಾಸ ಮಾಲೆಗಳನ್ನು ಕೊಟ್ಟರು, ಇಲ್ಲಿಯ ಎಳೆಯರು ಅವುಗಳ ಟಿಪ್ಪಣಿ ಬರೆದುಕೊಂಡರು, ಆ ಟಿಪ್ಪಣಿಗಳು ಪುಸ್ತಕಗಳಾಗಿ ಜಗತ್ತನ್ನೆಲ್ಲ ಸುತ್ತಿದವು. ಇಂದು ನಗರದ ಉತ್ತರಕ್ಕೆ, ಯಲಹಂಕದ ಕಡೆಯಲ್ಲಿ, ಟಾಟಾ ಸಂಸ್ಥೆಯ ಕೇಂದ್ರವಾಗಿ ಬೆಳೆದು ನಿಂತಿರುವ ಈ ಪರಂಪರೆಯಲ್ಲಿಯೇ ಒಡಿಶಾ ಮೂಲದ ಮಿಶ್ರ ಅವರು ಸಂಶೋಧನೆ ಮಾಡಿ 2005ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಿಂದ ಪಿಎಚ್.ಡಿ. ಪಡೆದರು, ಬಳಿಕ ಓಸ್ಲೋಗೆ, ಅಲ್ಲಿಂದ ಜ್ಯೂರಿಕ್‌ನ ಇಟಿಎಚ್ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಹೋದರು.

ಬೆಂಗಳೂರಿನಲ್ಲಿ ಅವರು ಎತ್ತಿಕೊಂಡ ಸಮಸ್ಯೆ ಸಂರಕ್ಷಣಾ ನಿಯಮಗಳಿಗೆ ಸೇರಿದ್ದು. ರಸ್ತೆಯ ಒಂದು ತುಣುಕಿನಲ್ಲಿರುವ ವಾಹನಗಳ ಸಂಖ್ಯೆ ಬದಲಾಗುವುದು ಒಂದು ತುದಿಯಿಂದ ಒಳಬಂದವು ಎಷ್ಟು, ಇನ್ನೊಂದರಿಂದ ಹೊರಹೋದವು ಎಷ್ಟು ಎಂಬುದರಿಂದ ಮಾತ್ರ. ನಡುವೆ ವಾಹನ ಹುಟ್ಟುವುದೂ ಇಲ್ಲ, ಮಾಯವಾಗುವುದೂ ಇಲ್ಲ. ಈ ಸರಳ ಸಂಗತಿಯನ್ನು ಸಮೀಕರಣವಾಗಿ ಬರೆದರೆ ಅದೊಂದು ಸಂರಕ್ಷಣಾ ನಿಯಮ. ನೀರು, ಅನಿಲ, ತೈಲ ಎಲ್ಲವೂ ಇಂತಹ ನಿಯಮಗಳಿಗೆ ಒಳಪಟ್ಟಿವೆ. 1950ರ ದಶಕದಲ್ಲಿ ಲೈಟ್‌ಹಿಲ್ ಮತ್ತು ವಿಟಮ್ ರಸ್ತೆ ಸಂಚಾರವನ್ನು ಹೀಗೆಯೇ ವಿವರಿಸಿದ್ದರು. ಆದರೆ ಈ ಸಮೀಕರಣಗಳಲ್ಲಿ ಆರಂಭದ ಸ್ಥಿತಿ ಎಷ್ಟೇ ನಯವಾಗಿದ್ದರೂ ಸ್ವಲ್ಪ ಕಾಲದಲ್ಲಿ ಥಟ್ಟನೆಯ ಜಿಗಿತಗಳು, ಎಂದರೆ ಆಘಾತ ತರಂಗಗಳು, ಹುಟ್ಟಿಕೊಳ್ಳುತ್ತವೆ. ವೇಗವಾಗಿ ಬರುವ ವಾಹನಗಳು ನಿಂತ ಸಾಲಿನ ಬಾಲವನ್ನು ಸೇರುವ ಜಾಗವೇ ಅಂಥದೊಂದು ಜಿಗಿತ. ಜಿಗಿತವಿದ್ದಲ್ಲಿ ಅವಕಲನವೇ ಸಾಧ್ಯವಿಲ್ಲದ್ದರಿಂದ ಪರಿಹಾರವೆಂಬುದರ ಅರ್ಥವನ್ನು ಸಡಿಲಿಸಬೇಕಾಗುತ್ತದೆ, ಸಡಿಲಿಸಿದ ಕೂಡಲೇ ಒಂದೇ ಸಮೀಕರಣಕ್ಕೆ ಹಲವು ಪರಿಹಾರಗಳು ಬಂದು ನಿಲ್ಲುತ್ತವೆ, ಅವುಗಳಲ್ಲಿ ಪ್ರಕೃತಿ ಒಪ್ಪುವ ಒಂದನ್ನು ಆರಿಸಲು ಎಂಟ್ರೊಪಿ ಷರತ್ತು ಎಂಬ ಹೆಚ್ಚಿನ ನಿಬಂಧನೆ ಬೇಕಾಗುತ್ತದೆ. ಒಂದೇ ಅಜ್ಞಾತ ರಾಶಿಯಿರುವ ಸಮೀಕರಣಗಳಲ್ಲಿ ಈ ಷರತ್ತಿನಿಂದ ನಿಜಕ್ಕೂ ಒಂದೇ ಪರಿಹಾರ ಉಳಿಯುತ್ತದೆ ಎಂದು ರಷ್ಯದ ಕ್ರುಜ್‌ಕೊವ್ 1970ರಲ್ಲಿ ತೋರಿಸಿದರು.

ಕ್ರುಜ್‌ಕೊವ್ ಪ್ರಮೇಯಕ್ಕೆ ಹರಿವಿನ ನಿಯಮ ಎಲ್ಲೆಡೆಯೂ ನಯವಾಗಿ ಬದಲಾಗುತ್ತಿರಬೇಕು. ರಸ್ತೆ ಒಮ್ಮೆಲೇ ಕಿರಿದಾದರೆ, ಅಥವಾ ತೈಲ ಹರಿಯುವ ನೆಲದಡಿಯ ಬಂಡೆ ಒಂದು ಬಗೆಯಿಂದ ಇನ್ನೊಂದು ಬಗೆಗೆ ಥಟ್ಟನೆ ಬದಲಾದರೆ ಆ ಪ್ರಮೇಯ ಕೈಬಿಡುತ್ತದೆ. ಬೆಂಗಳೂರಿನ ಆದಿಮೂರ್ತಿ ಮತ್ತು ಜಿ. ಡಿ. ವೀರಪ್ಪ ಗೌಡ ಅವರು ಫ್ರಾನ್ಸ್‌ನ ಜೆರೋಮ್ ಜಾಫ್ರೆ ಅವರೊಂದಿಗೆ ಇಂತಹ ಹರಿವುಗಳಿಗೆ ಗಣನವಿಧಾನವೊಂದನ್ನು 2004ರಲ್ಲಿ ಪ್ರಕಟಿಸಿದ್ದರು. ಅದರ ಬೆನ್ನಿಗೆ ಆದಿಮೂರ್ತಿ, ಮಿಶ್ರ ಮತ್ತು ವೀರಪ್ಪ ಗೌಡ ಸೇರಿ 2005ರಲ್ಲಿ ಹೊರತಂದ ಪ್ರಬಂಧ ಆಶ್ಚರ್ಯದ ಸಂಗತಿಯೊಂದನ್ನು ಬೆಳಕಿಗೆ ತಂದಿತು. ಬದಲಾವಣೆಯ ಗಡಿಯಲ್ಲಿ ಎಂಟ್ರೊಪಿ ಷರತ್ತನ್ನು ಒಂದೇ ರೀತಿಯಲ್ಲಿ ಬರೆಯಬೇಕೆಂಬ ಕಟ್ಟಿಲ್ಲ. ಅನಂತ ರೀತಿಗಳಲ್ಲಿ ಬರೆಯಬಹುದು, ಬರೆದ ಪ್ರತಿಯೊಂದು ರೀತಿಯೂ ಒಳಗೆ ವಿರೋಧವಿಲ್ಲದ ತನ್ನದೇ ಸಿದ್ಧಾಂತವನ್ನು ಕೊಡುತ್ತದೆ, ಪ್ರತಿಯೊಂದರೊಳಗೂ ಪರಿಹಾರ ಒಂದೇ. ಯಾವುದನ್ನು ಹಿಡಿಯಬೇಕೆಂದು ಗಣಿತ ಹೇಳುವುದಿಲ್ಲ, ಗಡಿಯಲ್ಲಿ ನಡೆಯುವ ಭೌತಕ್ರಿಯೆ ಹೇಳಬೇಕು. ಲೆಕ್ಕವು ನಿಜದಿಂದ ಎಷ್ಟು ದೂರ ಎಂದು ಕೇಳುತ್ತಿದ್ದ ಕೊಲಾಟ್ಸರ ಶಾಸ್ತ್ರ ಇಲ್ಲಿ ಒಂದು ಹೆಜ್ಜೆ ಹಿಂದಕ್ಕೆ ಸರಿದು, ನಿಜವೆಂಬುದು ಯಾವುದು ಎಂದು ಮೊದಲು ಕೇಳಬೇಕಾಯಿತು. ಮಿಶ್ರ ಅವರ ಮುಂದಿನ ಕೆಲಸವೆಲ್ಲ ಈ ಪ್ರಶ್ನೆಯನ್ನೇ ಹಿಗ್ಗಿಸುತ್ತ ಹೋಯಿತು.

ಅದರಲ್ಲೊಂದು ಭಾಗ ಸುನಾಮಿಯನ್ನು ಕುರಿತದ್ದು. ನಡುಗಡಲಿನಲ್ಲಿ ನೀರಿನ ಆಳ ನಾಲ್ಕು ಕಿಲೋಮೀಟರಿನಷ್ಟಿರುವಾಗ ಸುನಾಮಿ ಅಲೆಯ ಎತ್ತರ ಸಾಮಾನ್ಯವಾಗಿ ಒಂದು ಮೀಟರಿಗಿಂತ ಕಡಿಮೆ. ನಿಶ್ಚಲವಾದ ಕಡಲಿನಲ್ಲಿ ನೀರಿನ ಒತ್ತಡವೂ ತಳದ ಇಳಿಜಾರಿನ ಪ್ರಭಾವವೂ ಒಂದನ್ನೊಂದು ಸರಿತೂಗಿಸುತ್ತವೆ. ಆದರೆ ಯಂತ್ರ ಈ ಎರಡನ್ನೂ ಬೇರೆ ಬೇರೆಯಾಗಿ ಸ್ಥೂಲವಾಗಿ ಎಣಿಸುವುದರಿಂದ ಅವು ಪೂರ್ತಿ ಸರಿಹೊಂದದೆ, ಇಲ್ಲದ ಅಲೆಗಳು ಲೆಕ್ಕದಲ್ಲಿ ತಾವಾಗಿ ಏಳುತ್ತವೆ, ಮತ್ತು ಅವುಗಳ ಗದ್ದಲದಲ್ಲಿ ನಿಜವಾದ ಅಲೆ ಮುಳುಗಿಹೋಗಬಹುದು. ಸಮತೋಲವನ್ನು ಕಿಂಚಿತ್ತೂ ಕೆಡಿಸದ ಮತ್ತು ಶಕ್ತಿಯನ್ನು ಸುಳ್ಳಾಗಿ ಹೆಚ್ಚಿಸದ ವಿಧಾನಗಳನ್ನು ಮಿಶ್ರ ಅವರು ಉಲ್ರಿಕ್ ಫ್ಯೋರ್ಡ್‌ಹೋಮ್ ಮತ್ತು ಐತಾನ್ ತಾದ್ಮೋರ್ ಅವರೊಂದಿಗೆ 2011ರಲ್ಲಿ ರೂಪಿಸಿದರು; ಮರುವರ್ಷ, ಬೇಕಾದಷ್ಟು ಸೂಕ್ಷ್ಮತೆಯಿರುವ ಮತ್ತು ಎಂಟ್ರೊಪಿ ಷರತ್ತನ್ನು ಎಂದೂ ಮೀರದ ಸಾಮಾನ್ಯ ವಿಧಾನವೊಂದನ್ನು ಇದೇ ಮೂವರು ಕೊಟ್ಟರು.

ಇನ್ನೊಂದು ಭಾಗ ಹೆಚ್ಚು ಕಳವಳಕಾರಿ. ಬೇರೆ ಬೇರೆ ವೇಗದಲ್ಲಿ ಚಲಿಸುವ ಎರಡು ದ್ರವಪದರಗಳು ಮುಟ್ಟುವಲ್ಲಿ ಸುಳಿಗಳೇಳುತ್ತವೆ. ಇದನ್ನು ಯಂತ್ರದಲ್ಲಿ ಲೆಕ್ಕ ಹಾಕುವಾಗ ಜಾಲರಿಯನ್ನು, ಎಂದರೆ ಜಾಗವನ್ನು ವಿಭಾಗಿಸಿದ ತುಂಡುಗಳನ್ನು, ಸಣ್ಣದು ಮಾಡಿದಷ್ಟೂ ಉತ್ತರ ಒಂದು ನೆಲೆಗೆ ಬರಬೇಕೆಂಬುದು ಸಂಖ್ಯಾತ್ಮಕ ಗಣಿತದ ಮೂಲ ನಂಬಿಕೆ. ಇಲ್ಲಿ ಹಾಗಾಗುವುದಿಲ್ಲ: ಪ್ರತಿ ಸಲವೂ ಮೊದಲಿಲ್ಲದ ಹೊಸ ಸಣ್ಣ ಸುಳಿಗಳು ಕಾಣಿಸಿಕೊಳ್ಳುತ್ತವೆ, ಹಿಂದಿನ ಚಿತ್ರಕ್ಕೂ ಈಗಿನದಕ್ಕೂ ತಾಳೆಯಿರುವುದಿಲ್ಲ. ಇದು ವಿಧಾನದ ದೋಷವೆಂದು ತಳ್ಳಿಹಾಕುವಂತೆಯೂ ಇಲ್ಲ, ಏಕೆಂದರೆ ಅನಿಲಗಳ ಚಲನೆಯ ಸಮೀಕರಣಗಳಿಗೆ ಎಂಟ್ರೊಪಿ ಷರತ್ತನ್ನು ಪಾಲಿಸಿದರೂ ಅನಂತ ಪರಿಹಾರಗಳಿರಬಹುದೆಂದು ಕಮಿಲ್ಲೊ ದೆ ಲೆಲ್ಲಿಸ್ ಮತ್ತು ಲಾಸ್ಲೊ ಸೆಕೆಲಿಹಿಡಿ 2010ರ ವೇಳೆಗೆ ಸಾಧಿಸಿದ್ದರು. ಮಿಶ್ರ ಮತ್ತು ಸಂಗಡಿಗರು 2017ರಲ್ಲಿ ಮುಂದಿಟ್ಟ ಸಲಹೆ ದಿಟ್ಟವಾದುದು: ಒಂದೇ ಪರಿಹಾರವನ್ನು ಹುಡುಕುವುದನ್ನು ಬಿಟ್ಟು, ಪ್ರತಿ ಜಾಗದಲ್ಲಿಯೂ ವೇಗವೋ ಒತ್ತಡವೋ ಯಾವ ಯಾವ ಮೌಲ್ಯವನ್ನು ಎಷ್ಟೆಷ್ಟು ಸಂಭವನೀಯತೆಯಿಂದ ತಳೆಯುತ್ತದೆ ಎಂಬುದನ್ನೇ ಉತ್ತರವೆಂದು ಒಪ್ಪಿಕೊಳ್ಳುವುದು. ಆರಂಭದ ಸ್ಥಿತಿಯನ್ನು ತುಸು ತುಸು ಬದಲಿಸಿ ಅನೇಕ ಬಾರಿ ಲೆಕ್ಕ ಹಾಕಿದರೆ, ಬಿಡಿಬಿಡಿಯಾಗಿ ಎಲ್ಲಿಯೂ ನಿಲ್ಲದ ಆ ಲೆಕ್ಕಗಳ ಸರಾಸರಿಯೂ ಚದುರುವಿಕೆಯೂ ನಿಶ್ಚಿತ ನೆಲೆಗೆ ಬರುತ್ತವೆ ಎಂದು ಅವರು ತೋರಿಸಿದರು. ನಾಳೆ ಮಳೆ ಬರುವ ಸಂಭವ ಇಷ್ಟು ಪ್ರತಿಶತ ಎಂದು ಹವಾಮಾನ ಇಲಾಖೆಗಳು ಅನುಭವದಿಂದ ಹೇಳುತ್ತ ಬಂದಿದ್ದ ಮಾತಿಗೆ ಇಲ್ಲಿ ಗಣಿತದ ತಳಪಾಯ ದೊರೆಯುವ ಸೂಚನೆಯಿದೆ. ಇದೇ 2019ರಲ್ಲಿ ಬೆಂಗಳೂರಿನ ಇನ್ಫೊಸಿಸ್ ವಿಜ್ಞಾನ ಪ್ರತಿಷ್ಠಾನವೂ ಗಣಿತವಿಜ್ಞಾನದ ತನ್ನ ಪ್ರಶಸ್ತಿಯನ್ನು ಮಿಶ್ರ ಅವರಿಗೆ ನೀಡಿತು. ಆ ಬಳಿಕ ಅವರು ಸಮೀಕರಣಗಳನ್ನು ಬಿಡಿಸಲು ಕೃತಕ ನರಜಾಲಗಳ ಬಳಕೆಯತ್ತ ಹೊರಳಿದ್ದಾರೆ. ದೋಷದ ಅಂದಾಜು ಅಲ್ಲಿ ಇನ್ನೂ ಎಳೆಯ ಶಾಸ್ತ್ರ, ಆದುದರಿಂದ ಕೊಲಾಟ್ಸರ ಪ್ರಶ್ನೆಗೆ ಅಲ್ಲಿ ಕೆಲಸ ಬಹಳವಿದೆ.

2023ರಲ್ಲಿ ಟೋಕಿಯೊದಲ್ಲಿ ಪ್ರಶಸ್ತಿ ಪಡೆದಾಗ ಲೋಸಾನ್‌ನ ಮರಿಯಾ ಕೊಲೊಂಬೊ ಅವರಿಗೆ ಸುಮಾರು ಮೂವತ್ತನಾಲ್ಕು ವರ್ಷ. ಜಿಗುಟಾದ ದ್ರವದ ಚಲನೆಯನ್ನು ವಿವರಿಸುವ ನೇವಿಯೆ-ಸ್ಟೋಕ್ಸ್ ಸಮೀಕರಣಗಳಿಗೆ ಜಾನ್ ಲೆರೆ 1934ರಲ್ಲಿ ಕಟ್ಟಿಕೊಟ್ಟಿದ್ದ ಪರಿಹಾರಗಳು, ಹೊರಗಿನಿಂದ ತಕ್ಕ ಬಲವೊಂದು ವರ್ತಿಸುತ್ತಿರುವಾಗ, ಒಂದೇ ಆಗಿರಬೇಕಿಲ್ಲ ಎಂದು ಅವರು ಡಲ್ಲಾಸ್ ಆಲ್‌ಬ್ರಿಟನ್ ಮತ್ತು ಎಲಿಯಾ ಬ್ರುಯೆ ಜೊತೆಗೂಡಿ 2022ರಲ್ಲಿ ಸಾಧಿಸಿದ್ದರು. ಅದೇ ಆರಂಭ, ಅದೇ ಬಲ, ಆದರೂ ಎರಡು ಬೇರೆ ಬೇರೆ ಮುಂದುವರಿಕೆಗಳು! ದೋಷವನ್ನು ಬೇಲಿಯೊಳಗೆ ಹಿಡಿದಿಟ್ಟವರ ಹೆಸರಿನ ಪ್ರಶಸ್ತಿ ಇಪ್ಪತ್ತನಾಲ್ಕು ವರ್ಷಗಳಲ್ಲಿ, ಬೇಲಿಯೊಳಗೆ ಇರುವುದು ಒಂದೇ ಉತ್ತರವೋ ಅಲ್ಲವೋ ಎಂದು ಪರೀಕ್ಷಿಸುವವರ ಕೈಸೇರಿದೆ. ಇದು ಶಾಸ್ತ್ರದ ಸೋಲಲ್ಲ. ತನ್ನ ಭರವಸೆ ಎಲ್ಲಿಯವ‍ರೆಗೆ ಸಲ್ಲುತ್ತದೆ ಎಂಬುದನ್ನು ಇಷ್ಟು ಕಟ್ಟುನಿಟ್ಟಾಗಿ ತಾನೇ ಗುರುತು ಹಾಕಿಕೊಳ್ಳುವ ವಿದ್ಯೆಗಳು ವಿರಳ.

ಪ್ರಶಸ್ತಿಯ ವ್ಯವಸ್ಥೆಯ ಬಗೆಗೂ ಎರಡು ಮಾತು ಹೇಳಬೇಕಾಗುತ್ತದೆ. ಇದುವರೆಗೆ ಹೆಸರಿಸಿದ ಏಳು ಮಂದಿಯೂ ಪ್ರಶಸ್ತಿ ಪಡೆಯುವಾಗ ಯುರೋಪಿನಲ್ಲೋ ಅಮೆರಿಕದಲ್ಲೋ ಕೆಲಸ ಮಾಡುತ್ತಿದ್ದವರು. ಚೀನದಲ್ಲಿ ಹುಟ್ಟಿದ ವೈನಾನ್ ಇ, ಭಾರತದಲ್ಲಿ ಕಲಿತ ಮಿಶ್ರ ಇಬ್ಬರ ವಿಷಯದಲ್ಲಿಯೂ ಇದು ನಿಜ. ಬೀಜ ಒಂದೆಡೆ ಮೊಳೆತು ಫಲ ಇನ್ನೊಂದೆಡೆ ಬಿಡುವುದರಲ್ಲಿ ತಪ್ಪೇನೂ ಇಲ್ಲ, ಆದರೆ ಆ ಹತ್ತು ಹದಿನೈದು ವರ್ಷಗಳ ಸುತ್ತನ್ನು ಪೂರೈಸಲು ಬೇಕಾದ ಬಿಡುವು, ಯಂತ್ರಬಲ, ಜೊತೆಗಾರರು ಎಲ್ಲಿ ಸಿಗುತ್ತಾರೆ ಎಂಬುದನ್ನು ಈ ಪಟ್ಟಿ ಹೇಳುತ್ತದೆ. ವಯಸ್ಸಿನ ಗೆರೆಯೂ ಎಲ್ಲರ ಮೇಲೆ ಒಂದೇ ಸಮನಾಗಿ ಬೀಳುವುದಿಲ್ಲ. ಹೆರಿಗೆಗೋ ಮನೆಯವರ ಆರೈಕೆಗೋ ವರ್ಷಗಟ್ಟಲೆ ಸಂಶೋಧನೆಯಿಂದ ದೂರವಿರಬೇಕಾದವರಿಗೆ, ತಡವಾಗಿ ಓದು ಆರಂಭಿಸಿದವರಿಗೆ, ಬೋಧನೆಯ ಹೊರೆಯಲ್ಲಿ ಸಂಶೋಧನೆಗೆ ಬಿಡುವೇ ಸಿಗದ ಕಾಲೇಜು ಅಧ್ಯಾಪಕರಿಗೆ ನಲವತ್ತೆರಡು ಬಹಳ ಬೇಗ ಬಂದುಬಿಡುತ್ತದೆ. ತನ್ನ ಪ್ರಶಸ್ತಿಗೆ ಮೂವತ್ತೈದರ ಮಿತಿಯಿಟ್ಟಿರುವ ಯುರೋಪಿಯನ್ ಗಣಿತ ಸಂಘ, ವೃತ್ತಿಯಲ್ಲಿ ಇಂತಹ ತಡೆಗಳನ್ನು ಕಂಡವರಿಗೆ ಮೂರು ವರ್ಷಗಳವರೆಗಿನ ವಿನಾಯಿತಿ ಕೊಡುತ್ತದೆ, ಅದು ಅನುಕರಣೀಯ. ಇನ್ಫೊಸಿಸ್ ಪ್ರಶಸ್ತಿ 2024ರಿಂದ ತನ್ನ ಮಿತಿಯನ್ನು ಐವತ್ತರಿಂದ ನಲವತ್ತಕ್ಕೆ ಇಳಿಸಿದೆ. ಎಳೆಯರನ್ನು ಮುಂಚೆಯೇ ಗುರುತಿಸಬೇಕೆಂಬ ಅದರ ಆಶಯ ಒಳ್ಳೆಯದೇ ಆದರೂ, ಅನ್ವಯಿಕ ಗಣಿತದಂತಹ ನಿಧಾನವಾಗಿ ಹಣ್ಣಾಗುವ ವಿಷಯಗಳಿಗೆ ಅದು ತುಸು ಬಿಗಿಯಾಯಿತೆನಿಸುತ್ತದೆ.

ಕರ್ನಾಟಕದ ವಿಶ್ವವಿದ್ಯಾಲಯಗಳಲ್ಲಿ ಗಣಿತದ ಹೆಸರಿನಲ್ಲಿ ಸಹೃದಯ ದಾನಿಗಳು ಇಟ್ಟಿರುವ ದತ್ತಿಗಳು ಅನೇಕ. ಅವುಗಳಲ್ಲಿ ಬಹುಪಾಲು ಸ್ನಾತಕೋತ್ತರ ಪರೀಕ್ಷೆಯಲ್ಲಿ ಹೆಚ್ಚು ಅಂಕ ಗಳಿಸಿದವರಿಗೆ ಘಟಿಕೋತ್ಸವದಲ್ಲಿ ಪದಕವಾಗಿ ಸಲ್ಲುತ್ತವೆ. ಅವುಗಳಲ್ಲಿ ಒಂದೆರಡನ್ನಾದರೂ ಪಿಎಚ್.ಡಿ. ಮುಗಿಸಿ ಕೆಲವು ವರ್ಷಗಳಾದ ಅನ್ವಯಿಕ ಗಣಿತಜ್ಞರ ಪ್ರಶಸ್ತಿಯಾಗಿ ಮಾರ್ಪಡಿಸುವುದಾದರೆ, ಹುಟ್ಟಿದ ದಿನಾಂಕದಿಂದಲ್ಲದೆ ಪದವಿ ಪಡೆದ ದಿನಾಂಕದಿಂದ ವರ್ಷಗಳನ್ನು ಎಣಿಸಿ, ಮಧ್ಯೆ ಕಳೆದುಹೋದ ಕಾಲವನ್ನು ಅದರಿಂದ ಕಳೆಯುವುದು ನ್ಯಾಯವಾದೀತು. ಲೆಸ್ಲಿ ಫಾಕ್ಸ್ ಪ್ರಶಸ್ತಿಯಿಂದಲೂ ಒಂದು ಕ್ರಮವನ್ನು ಎರವಲು ಪಡೆಯಬಹುದು. ಅಲ್ಲಿ ಪ್ರಬಂಧವೊಂದೇ ಸಾಲದು, ಆಯ್ಕೆಯಾದ ಎಳೆಯರು ಒಂದೇ ದಿನ ಒಂದೇ ಸಭೆಯಲ್ಲಿ ತಮ್ಮ ಕೆಲಸವನ್ನು ಕುರಿತು ಉಪನ್ಯಾಸ ಕೊಡಬೇಕು, ಗಣಿತದ ಸತ್ವದ ಜೊತೆಗೆ ಅದನ್ನು ವಿವರಿಸುವ ಶಕ್ತಿಯನ್ನೂ ತೀರ್ಪುಗಾರರು ತೂಗುತ್ತಾರೆ. 1985ರಲ್ಲಿ ಲಾಯ್ಡ್ ಟ್ರೆಫೆತನ್, 1988ರಲ್ಲಿ ನಿಕೋಲಸ್ ಹೈಯಮ್ ಈ ಪರೀಕ್ಷೆಯಲ್ಲಿ ಗೆದ್ದವರು. ಇಬ್ಬರೂ ಮುಂದೆ ತಮ್ಮ ಶಾಸ್ತ್ರದ ಅತ್ಯಂತ ಸ್ಪಷ್ಟ ಪಠ್ಯಗಳನ್ನು ಬರೆದರು. ಬೆಂಗಳೂರು, ಮೈಸೂರು, ಧಾರವಾಡ, ಕಲಬುರಗಿ, ಸುರತ್ಕಲ್‌ಗಳಿಂದ ಬಂದ ನಾಲ್ಕಾರು ಸಂಶೋಧಕರು ಒಂದು ದಿನ ಒಂದೆಡೆ ಸೇರಿ, ತಮ್ಮ ಗಣನವಿಧಾನ ಯಾವ ಸಮೀಕರಣಕ್ಕೆ ಸಲ್ಲುತ್ತದೆ, ಅದರ ದೋಷ ಯಾವ ಮಿತಿಯೊಳಗಿದೆ, ಎಲ್ಲಿ ಅದನ್ನು ನಂಬಬಾರದು ಎಂಬುದನ್ನು ಕನ್ನಡದಲ್ಲಿ ವಿವರಿಸುವ ಸಭೆಗೆ ಹೆಚ್ಚು ಹಣ ಬೇಕಿಲ್ಲ. ಇಂತಹ ದತ್ತಿಯೊಂದರ ವರ್ಷದ ಬಡ್ಡಿ ಸಾಕು.